ಎಫ್⁻¹(11) ಅಂದರೆ ಏನು ಕೇಳುತ್ತಿದ್ದಾರೆ? ಎಕ್ಸ್-ವೈ ಅದಲುಬದಲು ಯಾಕೆ ಮಾಡಬೇಕು?

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ಗಣಿತವನ್ನು ನಾನೇ ಕೂತು ಓದಿಕೊಳ್ಳುತ್ತಿದ್ದೇನೆ. ವಿಲೋಮ ಫಂಕ್ಷನ್ ಪಾಠದಲ್ಲಿ ಒಂದು ಕಡೆ ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ಲೆಕ್ಕ ಇದು:

ಎಫ್(ಎಕ್ಸ್) = 3ಎಕ್ಸ್ − 7 ಆದರೆ ಎಫ್⁻¹(ಎಕ್ಸ್) ಕಂಡುಹಿಡಿಯಿರಿ. ಎಫ್⁻¹(11) ಬೆಲೆ ಎಷ್ಟು?

ಪುಸ್ತಕದ ದಾರಿ ಹೀಗಿದೆ. ಎಫ್(ಎಕ್ಸ್) ಬದಲು ವೈ ಬರೆಯಬೇಕು. ಆಮೇಲೆ ಎಕ್ಸ್ ಇದ್ದಲ್ಲಿ ವೈ, ವೈ ಇದ್ದಲ್ಲಿ ಎಕ್ಸ್ ಬರೆಯಬೇಕು. ಆಮೇಲೆ ವೈ ಬೆಲೆ ಬಿಡಿಸಬೇಕು. ಹಾಗೆ ಮಾಡಿದರೆ (ಎಕ್ಸ್ + 7)/3 ಬರುತ್ತದೆ. ಅದಕ್ಕೆ 11 ಹಾಕಿದರೆ 6. ಹಿಂದಿನ ಪುಟದ ಉತ್ತರಕ್ಕೂ ಸರಿಹೋಗುತ್ತದೆ.

ಆದರೆ ಅದಲುಬದಲು ಮಾಡಬಹುದು ಅಂತ ಹೇಳಿದವರು ಯಾರು? ಎಕ್ಸ್ ಇದ್ದಲ್ಲಿ ವೈ ಬರೆದರೆ ಅದು ಬೇರೆಯದೇ ಸಮೀಕರಣ ಆಗುತ್ತದೆ ಅಲ್ವಾ? ಜೊತೆಗೆ ಓದುವ ಗೆಳತಿ ಈ ಹೆಜ್ಜೆಗಳನ್ನೆಲ್ಲ ಬಿಟ್ಟು, "ಗುಣಿಸಿದ್ದಕ್ಕೆ ಭಾಗಿಸು, ಕಳೆದಿದ್ದಕ್ಕೆ ಕೂಡು" ಅಂತ ನೇರವಾಗಿ ಎಕ್ಸ್/3 + 7 ಅಂತ ಬರೆದಳು. ಅದು ತಪ್ಪು ಅಂತ ಗೊತ್ತು. ಯಾಕೆ ತಪ್ಪು ಅಂತ ಅವಳಿಗೆ ಹೇಗೆ ಹೇಳಲಿ?

ಲೆಕ್ಕದಮೇಷ್ಟ್ರು

ಒಳ್ಳೆಯ ಪ್ರಶ್ನೆ ಕೇಳಿದ್ದೀರಮ್ಮ. ಸೂತ್ರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು 11ರ ಕಡೆ ನೋಡೋಣ.

ಎಫ್(6) ಅಂದರೆ "6 ಒಳಗೆ ಹಾಕಿದರೆ ಹೊರಗೆ ಏನು ಬರುತ್ತದೆ" ಅಂತ ಕೇಳಿದ ಹಾಗೆ. ಎಫ್⁻¹(11) ಅಂದರೆ "ಏನು ಒಳಗೆ ಹಾಕಿದ್ದಕ್ಕೆ 11 ಹೊರಗೆ ಬಂತು" ಅಂತ ಕೇಳಿದ ಹಾಗೆ. ಪ್ರಶ್ನೆ ಇಷ್ಟೇ. ಹಾಗಾಗಿ ನೇರವಾಗಿ ಬರೆಯಬಹುದು:

3ಎಕ್ಸ್ − 7 = 11
3ಎಕ್ಸ್ = 18
ಎಕ್ಸ್ = 6

ಇದರಲ್ಲಿ ಅದಲುಬದಲು ಎಲ್ಲೂ ಬರಲಿಲ್ಲ. ಒಂದೇ ಒಂದು ಬೆಲೆ ಕೇಳಿದಾಗ ಪೂರ್ತಿ ವಿಲೋಮ ಸೂತ್ರ ಕಟ್ಟುವ ಅಗತ್ಯವೇ ಇಲ್ಲ. 11ರ ಜೊತೆ 20, 32, −4 ಅಂತ ಹತ್ತಾರು ಬೆಲೆ ಬೇಕಾದರೆ ಆಗ ಸೂತ್ರ ಮಾಡಿಕೊಳ್ಳುವುದು ಲಾಭ.

ಈಗ ಗೆಳತಿಯ ಉತ್ತರ. 11 ಹಾಕಿದರೆ 11/3 + 7, ಅಂದರೆ 32/3. ಇದನ್ನು ಮೂಲ ಫಂಕ್ಷನ್‌ಗೆ ಹಾಕಿ ನೋಡಿ. 3 × 32/3 − 7 = 32 − 7 = 25. ನಮಗೆ ಬೇಕಿದ್ದಿದ್ದು 11. ಹಾಗಾಗಿ ತಪ್ಪು. ವಾದಕ್ಕೆ ಇಷ್ಟು ಸಾಕು, ಆದರೆ ಕಾರಣವನ್ನೂ ಹೇಳಿ. ಎಫ್ ಎರಡು ಕೆಲಸ ಮಾಡುತ್ತದೆ: ಮೊದಲು 3ರಿಂದ ಗುಣಿಸುತ್ತದೆ, ಆಮೇಲೆ 7 ಕಳೆಯುತ್ತದೆ. ಹಗ್ಗಕ್ಕೆ ಒಂದರ ಮೇಲೊಂದು ಗಂಟು ಹಾಕಿದ್ದರೆ ಕೊನೆಗೆ ಹಾಕಿದ್ದನ್ನೇ ಮೊದಲು ಬಿಚ್ಚಬೇಕಲ್ಲವೇ? ಹಾಗೆ ಮೊದಲು 7 ಕೂಡಬೇಕು, ಆಮೇಲೆ 3ರಿಂದ ಭಾಗಿಸಬೇಕು. ಅವಳು ಮಾಡಿದ ಕ್ರಿಯೆಗಳು ಎರಡೂ ಸರಿ, ಕ್ರಮ ಮಾತ್ರ ತಿರುವುಮುರುವು.

ಇನ್ನೊಂದು ವಿಷಯ ಅವಳಿಗೆ ಖಂಡಿತ ಹೇಳಿ. ಎಕ್ಸ್/3 + 7 ಅನ್ನುವುದೂ ಒಂದು ಫಂಕ್ಷನ್‌ನ ವಿಲೋಮವೇ. ಮೊದಲು 7 ಕಳೆದು ಆಮೇಲೆ 3ರಿಂದ ಗುಣಿಸಿದರೆ 3(ಎಕ್ಸ್ − 7) ಬರುತ್ತದಲ್ಲ, ಅದರ ವಿಲೋಮ. 3ಎಕ್ಸ್ − 7 ಮತ್ತು 3(ಎಕ್ಸ್ − 7) ಎರಡಕ್ಕೂ ಇರುವ ವ್ಯತ್ಯಾಸವನ್ನು ಅವಳು ಕಣ್ಣಾರೆ ಕಂಡರೆ ಮತ್ತೆ ಈ ಗೊಂದಲ ಬರುವುದಿಲ್ಲ.

ಹಳೆಲೆಕ್ಕ

ಮೇಷ್ಟ್ರು ಹೇಳಿದ ಈ ಹಿಂದಕ್ಕೆ ಬರುವ ಲೆಕ್ಕ ತುಂಬ ಹಳೆಯದು. 499ರಲ್ಲಿ ಆರ್ಯಭಟ ಬರೆದ ಆರ್ಯಭಟೀಯದ ಗಣಿತಪಾದದಲ್ಲಿ ಇದಕ್ಕಾಗಿಯೇ ಒಂದು ಶ್ಲೋಕ ಇದೆ. ಉಲ್ಟಾ ಹೋಗುವಾಗ ಗುಣಿಸಿದ್ದು ಭಾಗವಾಗುತ್ತದೆ, ಭಾಗಿಸಿದ್ದು ಗುಣವಾಗುತ್ತದೆ, ಕೂಡಿದ್ದು ಕಳೆಯುವುದಾಗುತ್ತದೆ, ಕಳೆದದ್ದು ಕೂಡುವುದಾಗುತ್ತದೆ ಅನ್ನುವುದು ಅದರ ಸಾರ. ಎಕ್ಸ್, ವೈ ಅನ್ನುವ ಅಕ್ಷರಗಳೇ ಇಲ್ಲದ ಕಾಲದಲ್ಲಿ ಉತ್ತರದಿಂದ ಹೊರಟು ಮೊದಲ ಸಂಖ್ಯೆಗೆ ಬಂದು ಮುಟ್ಟುತ್ತಿದ್ದರು. ಆದ್ದರಿಂದ ಅದಲುಬದಲು ಇಲ್ಲದೆಯೂ ವಿಲೋಮ ಚೆನ್ನಾಗಿಯೇ ನಡೆಯುತ್ತದೆ.

ನೀಲಿಶಾಯಿ

ಧನ್ಯವಾದ ಮೇಷ್ಟ್ರೇ. 25 ಬಂದಿದ್ದು ನೋಡಿ ಗೆಳತಿ ಸುಮ್ಮನಾದಳು. 3(ಎಕ್ಸ್ − 7) ವಿಷಯ ಅವಳಿಗೆ ತುಂಬ ಹಿಡಿಸಿತು. ಆದರೆ ನನ್ನ ಮೊದಲ ಪ್ರಶ್ನೆ ಹಾಗೇ ಇದೆ. ಅದಲುಬದಲು ಬೇಡವೇ ಬೇಡ ಅಂದರೆ ಪುಸ್ತಕದಲ್ಲಿ ಯಾಕಿದೆ?

ಲೆಕ್ಕದಮೇಷ್ಟ್ರು

ವೈ = 3ಎಕ್ಸ್ − 7. ಇದರಲ್ಲಿ ಎಕ್ಸ್ ಬಿಡಿಸಿ. ಎಕ್ಸ್ = (ವೈ + 7)/3. ಇವೆರಡೂ ಒಂದೇ ಸಂಬಂಧವನ್ನು ಹೇಳುತ್ತವೆ. ಮೊದಲನೆಯದು ಎಕ್ಸ್ ಕೊಟ್ಟರೆ ವೈ ಹೇಳುತ್ತದೆ, ಎರಡನೆಯದು ವೈ ಕೊಟ್ಟರೆ ಎಕ್ಸ್ ಹೇಳುತ್ತದೆ. ವಿಲೋಮ ಇಲ್ಲಿಗೇ ಸಿಕ್ಕಿಬಿಟ್ಟಿದೆ: ಎಫ್⁻¹(ವೈ) = (ವೈ + 7)/3.

ಆವರಣದ ಒಳಗೆ ಯಾವ ಅಕ್ಷರ ಇದ್ದರೂ ಫಂಕ್ಷನ್ ಬದಲಾಗುವುದಿಲ್ಲ. ಎಫ್⁻¹(ಟಿ) = (ಟಿ + 7)/3 ಅಂತ ಬರೆದರೂ ಅದೇ. ಒಳಗೆ ಹೋಗುವುದಕ್ಕೆ ಎಕ್ಸ್ ಅಂತ ಕರೆಯುವ ರೂಢಿ ಇರುವುದರಿಂದ ಕೊನೆಯಲ್ಲಿ ವೈ ಬದಲು ಎಕ್ಸ್ ಬರೆಯುತ್ತೇವೆ. ಅದಲುಬದಲು ಅನ್ನುವುದು ಹೆಸರು ಬದಲಾಯಿಸುವ ಕೆಲಸ ಅಷ್ಟೇ.

ಪುಸ್ತಕ ಅದನ್ನು ಮೊದಲೇ ಮಾಡಿಸುತ್ತದೆ. ಎಕ್ಸ್ = 3ವೈ − 7 ಅಂತ ಬರೆದ ಕೂಡಲೇ ನೀವು ಹೇಳಿದ ಹಾಗೆ ಅದು ಬೇರೆ ಸಮೀಕರಣವೇ. ಅದರ ಗೆರೆಯೂ ಬೇರೆ. ನಿಮ್ಮ ಅನುಮಾನ ನೂರಕ್ಕೆ ನೂರು ಸರಿ. ಆ ಬೇರೆ ಗೆರೆಯೇ ವಿಲೋಮದ ಗೆರೆ ಅನ್ನುವುದನ್ನು ಪುಸ್ತಕ ಹೇಳದೆ ಮುಂದೆ ಹೋಗಿದೆ. ನಾನು ತರಗತಿಯಲ್ಲಿ ಯಾವಾಗಲೂ ಮೊದಲು ಬಿಡಿಸಿ, ಕೊನೆಯಲ್ಲಿ ಹೆಸರು ಬದಲಾಯಿಸುತ್ತೇನೆ.

ಬಿಳಿಕೋಟು

ನಾನು ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಅದಲುಬದಲನ್ನು ಪಾಠದಿಂದಲೇ ತೆಗೆದುಹಾಕಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಕ್ಷರಕ್ಕೆ ಅರ್ಥ ಇದ್ದಾಗ ಅದು ದಾರಿ ತಪ್ಪಿಸುತ್ತದೆ.

ಉಷ್ಣತೆಯನ್ನೇ ತಗೊಳ್ಳಿ. ಫ್ಯಾ = (9/5)ಸೆ + 32. ಸೆ ಅಂದರೆ ಸೆಲ್ಸಿಯಸ್, ಫ್ಯಾ ಅಂದರೆ ಫ್ಯಾರನ್‌ಹೀಟ್. ಪುಸ್ತಕದ ಹೆಜ್ಜೆಯಂತೆ ಈಗ ಅದಲುಬದಲು ಮಾಡಿ: ಸೆ = (9/5)ಫ್ಯಾ + 32. ಇದು ಸುಳ್ಳು ವಾಕ್ಯ. ಇದರ ಪ್ರಕಾರ 100 ಡಿಗ್ರಿ ಫ್ಯಾರನ್‌ಹೀಟ್ ಅಂದರೆ 212 ಡಿಗ್ರಿ ಸೆಲ್ಸಿಯಸ್! ಅದಲುಬದಲು ಮಾಡದೆ ಸುಮ್ನೆ ಸೆ ಬಿಡಿಸಿದರೆ ಸೆ = (5/9)(ಫ್ಯಾ − 32) ಬರುತ್ತದೆ. 98.6 ಹಾಕಿದರೆ 66.6ರ 5/9 ಭಾಗ, ಅಂದರೆ 37. 212 ಹಾಕಿದರೆ 100. ಎಲ್ಲೂ ತೊಂದರೆ ಇಲ್ಲ, ಮತ್ತು ಸೆ ಅಂದರೆ ಕೊನೆಯವರೆಗೂ ಸೆಲ್ಸಿಯಸ್ಸೇ.

ನಮ್ಮ ಕೆಲಸದಲ್ಲಂತೂ ರೇಖಾತ್ಮಕ ಫಂಕ್ಷನ್‌ನ, ಅಂದರೆ ಗ್ರಾಫ್ ನೇರ ಗೆರೆಯಾಗುವ ಫಂಕ್ಷನ್‌ನ, ವಿಲೋಮ ದಿನವೂ ಬೇಕು. ದ್ರಾವಣದಲ್ಲಿ ಒಂದು ವಸ್ತು ಎಷ್ಟಿದೆ ಅಂತ ತಿಳಿಯಬೇಕು. ಮೊದಲು ಪ್ರಮಾಣ ಗೊತ್ತಿರುವ ಕೆಲವು ದ್ರಾವಣ ಮಾಡಿ, ಪ್ರತಿಯೊಂದೂ ಎಷ್ಟು ಬೆಳಕು ಹೀರುತ್ತದೆ ಅಂತ ಉಪಕರಣದಲ್ಲಿ ಅಳೆಯುತ್ತೇವೆ. ಬಿಂದುಗಳು ಹೆಚ್ಚುಕಡಿಮೆ ಒಂದು ಗೆರೆಯ ಮೇಲೆ ಬರುತ್ತವೆ. ಇದಕ್ಕೆ ಸ್ಟ್ಯಾಂಡರ್ಡ್ ಕರ್ವ್ ಅನ್ನುತ್ತೇವೆ. ಉದಾಹರಣೆಗೆ ಆ ಗೆರೆ ಹೀಗಿದೆ ಅಂತಿಟ್ಟುಕೊಳ್ಳಿ:

ರೀಡಿಂಗ್ = 0.05 × ಪ್ರಮಾಣ + 0.02

ಗೆರೆ ಸಿದ್ಧವಾದ ಮೇಲೆ ಪ್ರಮಾಣ ಗೊತ್ತಿಲ್ಲದ ದ್ರಾವಣ ಇಡುತ್ತೇವೆ. ರೀಡಿಂಗ್ 0.47 ಬಂತು. ಪ್ರಮಾಣ = (0.47 − 0.02)/0.05 = 9. ಇದೇ ಎಫ್⁻¹(0.47). ಇಲ್ಲಿ ಮೊದಲು 0.02 ಕಳೆಯಬೇಕು, ಆಮೇಲೆ ಭಾಗಿಸಬೇಕು. ಗೆಳತಿ ಮಾಡಿದ ಹಾಗೆ ಮೊದಲು ಭಾಗಿಸಿ ಆಮೇಲೆ 0.02 ಕಳೆದರೆ 9.38 ಬರುತ್ತದೆ. ನೋಡಲು ನಂಬುವಂತೆಯೇ ಇರುವ ಸಂಖ್ಯೆ, ಅದಕ್ಕೇ ಅದು ಅಪಾಯ.

ಲೆಕ್ಕದಮೇಷ್ಟ್ರು

ಮೇಡಂ, ಉಷ್ಣತೆಯ ಉದಾಹರಣೆ ಬಹಳ ಚೆನ್ನಾಗಿದೆ. ನಾಳೆಯಿಂದಲೇ ತರಗತಿಯಲ್ಲಿ ಬಳಸುತ್ತೇನೆ. ಆದರೆ ಅದಲುಬದಲನ್ನು ಪೂರ್ತಿ ತೆಗೆದುಹಾಕಿ ಅನ್ನುವುದಕ್ಕೆ ನಾನು ಒಪ್ಪುವುದಿಲ್ಲ. ಎಫ್ ಮತ್ತು ಎಫ್⁻¹ ಎರಡನ್ನೂ ಒಂದೇ ಗ್ರಾಫ್‌ನಲ್ಲಿ ಹಾಕಬೇಕಾದರೆ ಏನು ಮಾಡುತ್ತೀರಿ? ಅದಲುಬದಲು ಮಾಡದಿದ್ದರೆ ವೈ = 3ಎಕ್ಸ್ − 7 ಮತ್ತು ಎಕ್ಸ್ = (ವೈ + 7)/3 ಒಂದೇ ಗೆರೆ. ನೋಡುವುದಕ್ಕೆ ಹೊಸದೇನೂ ಸಿಗುವುದಿಲ್ಲ. ಅದಲುಬದಲು ಮಾಡಿದಾಗಲೇ (6, 11) ಬಿಂದು (11, 6) ಆಗುತ್ತದೆ, ಇಡೀ ಗೆರೆ ವೈ = ಎಕ್ಸ್ ಗೆರೆಯ ಆಚೆ ಬದಿಗೆ ಪ್ರತಿಬಿಂಬವಾಗಿ ಬೀಳುತ್ತದೆ. ಇಳಿಜಾರು (ಎಕ್ಸ್ 1 ಹೆಚ್ಚಿದರೆ ವೈ ಎಷ್ಟು ಹೆಚ್ಚುತ್ತದೆ ಅನ್ನುವುದು) 3 ಇದ್ದದ್ದು 1/3 ಆಗುತ್ತದೆ. ಎರಡು ಗೆರೆಗಳು ಎಲ್ಲಿ ಕೂಡುತ್ತವೆ ಅಂತಲೂ ಕೇಳಬಹುದು.

ಬಿಳಿಕೋಟು

ಗ್ರಾಫ್‌ಗೆ ಬೇಕು, ಒಪ್ಪಿದೆ ಸರ್. ಅಲ್ಲಿ ಎರಡು ಅಕ್ಷಗಳೂ ಬರೀ ಸಂಖ್ಯೆ. ನನ್ನ ತಕರಾರು ಅದನ್ನು ವಿಲೋಮ ಕಂಡುಹಿಡಿಯುವ ಹೆಜ್ಜೆಯಾಗಿ ಕಲಿಸುವುದರ ಬಗ್ಗೆ.

ಸೊನ್ನೆಯಾಚೆ

ಗೆರೆಗಳು ಎಲ್ಲಿ ಕೂಡುತ್ತವೆ ಅನ್ನುವುದು ನನಗೆ ತುಂಬ ಇಷ್ಟದ ವಿಷಯ, ಅದಕ್ಕೇ ಬರೆಯುತ್ತಿದ್ದೇನೆ. ಎಫ್ ಗೆರೆ ವೈ = ಎಕ್ಸ್ ಅನ್ನು ಮುಟ್ಟುವ ಬಿಂದುವಿನಲ್ಲಿ ಒಳಗೆ ಹೋದದ್ದೇ ಹೊರಗೆ ಬರುತ್ತದೆ. ಅಂಥ ಸಂಖ್ಯೆಗೆ ಎಫ್ ಮತ್ತು ಎಫ್⁻¹ ಎರಡೂ ಒಂದೇ ಉತ್ತರ ಕೊಡಲೇಬೇಕು. 3ಎಕ್ಸ್ − 7 = ಎಕ್ಸ್ ಅಂದರೆ ಎಕ್ಸ್ = 3.5. ಎಫ್(3.5) = 3.5, ಎಫ್⁻¹(3.5) = 10.5/3 = 3.5.

ಇದನ್ನೇ ಉಷ್ಣತೆಗೆ ಹಾಕಿ. (9/5)ಎಕ್ಸ್ + 32 = ಎಕ್ಸ್ ಬಿಡಿಸಿದರೆ ಎಕ್ಸ್ = −40. ಮೈನಸ್ 40 ಡಿಗ್ರಿಯಲ್ಲಿ ಸೆಲ್ಸಿಯಸ್ಸೂ ಫ್ಯಾರನ್‌ಹೀಟೂ ಒಂದೇ ಆಗುವುದು ಇದಕ್ಕೇ.

ಇಳಿಜಾರು 1 ಇದ್ದರೆ, ಉದಾಹರಣೆಗೆ ಎಕ್ಸ್ + 5, ಅದರ ವಿಲೋಮ ಎಕ್ಸ್ − 5. ಎರಡೂ ಸಮಾಂತರ, ಎಂದೂ ಕೂಡುವುದಿಲ್ಲ. ಇಳಿಜಾರು −1 ಇದ್ದರೆ ಇನ್ನೂ ಸೊಗಸು. ಎಫ್(ಎಕ್ಸ್) = 10 − ಎಕ್ಸ್. 3 ಹಾಕಿದರೆ 7, 7 ಹಾಕಿದರೆ 3. ಅದರ ವಿಲೋಮ ಅದೇ!

ಇಳಿಜಾರು 0 ಇದ್ದರೆ ವಿಲೋಮ ಇಲ್ಲ. ಎಫ್(ಎಕ್ಸ್) = 4 ಅಂದರೆ ಏನು ಹಾಕಿದರೂ 4. ಹಿಂದಕ್ಕೆ ಹೋಗಲು ದಾರಿ ಉಳಿದಿಲ್ಲ.

ನೀಲಿಶಾಯಿ

−40 ಎಲ್ಲೋ ಓದಿದ್ದೆ, ಹೀಗೆ ಬರುತ್ತದೆ ಅಂತ ಗೊತ್ತಿರಲಿಲ್ಲ. ತುಂಬ ಖುಷಿಯಾಯಿತು.

ಒಂದು ಸಣ್ಣ ಪ್ರಶ್ನೆ. ಎಫ್⁻¹ ಅನ್ನುವಲ್ಲಿ ಮೇಲಿರುವ −1 ಘಾತಾಂಕ ಅಲ್ವಾ? 5⁻¹ ಅಂದರೆ 1/5. ಹಾಗಿದ್ದರೆ ಎಫ್⁻¹(11) ಅಂದರೆ 1/ಎಫ್(11), ಅಂದರೆ 1/26 ಯಾಕಾಗಬಾರದು?

ಹಳೆಲೆಕ್ಕ

ಎಫ್⁻¹ನಲ್ಲಿ ಅದು ಗುಣಾಕಾರದ ಘಾತಾಂಕ ಅಲ್ಲ. ಜಾನ್ ಹರ್ಷೆಲ್ 1813ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿಲೋಮಕ್ಕೆ ಈ −1 ಬಳಸಿದರು. ಅವರ ಆಲೋಚನೆ ಹೀಗೆ: ಫಂಕ್ಷನ್ ಅನ್ನು ಎರಡು ಸಲ ಹಚ್ಚಿದರೆ ಎಫ್², ಮೂರು ಸಲ ಹಚ್ಚಿದರೆ ಎಫ್³. ಹಾಗಾದರೆ ಒಂದು ಸಲ ಹಿಂದಕ್ಕೆ ಹೋದರೆ ಎಫ್⁻¹. ಸಂಖ್ಯೆಗಳಲ್ಲಿ 5 × 5⁻¹ = 1. ಫಂಕ್ಷನ್‌ಗಳಲ್ಲಿ ಎಫ್ ಹಚ್ಚಿ ಎಫ್⁻¹ ಹಚ್ಚಿದರೆ ಹೊರಟ ಸಂಖ್ಯೆಯೇ ವಾಪಸ್ ಬರುತ್ತದೆ. ಹೋಲಿಕೆ ಅಷ್ಟರ ಮಟ್ಟಿಗೆ.

ಮತ್ತೆ 1/(3ಎಕ್ಸ್ − 7)ರ ಗ್ರಾಫ್ ನೇರ ಗೆರೆಯೇ ಅಲ್ಲ. ಇಳಿಜಾರು 0 ಅಲ್ಲದ ನೇರ ಗೆರೆಯ ವಿಲೋಮ ಯಾವಾಗಲೂ ನೇರ ಗೆರೆ. ಉತ್ತರದಲ್ಲಿ ಎಕ್ಸ್ ಛೇದಕ್ಕೆ ಬಂದಿದೆ ಅಂದರೆ ಅಲ್ಲೇ ನಿಂತು ಹಿಂದಿನ ಸಾಲು ನೋಡಬೇಕು.

ನೀಲಿಶಾಯಿ

ಅರ್ಥವಾಯಿತು. ಈಗ ಕಷ್ಟದ್ದೊಂದು ನಾನೇ ಮಾಡಿದ್ದೇನೆ, ನೋಡಿ ಹೇಳಿ. ಎಫ್(ಎಕ್ಸ್) = 4 − ಎಕ್ಸ್/2.

ವೈ = 4 − ಎಕ್ಸ್/2
ಎಕ್ಸ್/2 = 4 − ವೈ
ಎಕ್ಸ್ = 8 − 2ವೈ

ಹಾಗಾಗಿ ಎಫ್⁻¹(ಎಕ್ಸ್) = 8 − 2ಎಕ್ಸ್. ಎಫ್⁻¹(1) = 6. ತಾಳೆ: ಎಫ್(6) = 4 − 3 = 1. ಸರಿ ಅಲ್ವಾ?

ಲೆಕ್ಕದಮೇಷ್ಟ್ರು

ಪೂರ್ತಿ ಸರಿ. ಎಕ್ಸ್/2 ಅನ್ನು ಆಚೆ ಬದಿಗೆ ತೆಗೆದುಕೊಂಡು ಹೋಗಿ ಧನವಾಗಿಸಿದ್ದು ಜಾಣತನ. ಇಲ್ಲಿ ಜಾಸ್ತಿ ಜನ −1/2ರ ಚಿಹ್ನೆ ಕಳೆದುಕೊಳ್ಳುತ್ತಾರೆ. ಒಂದು ಬೆಲೆಗೆ ತಾಳೆ ನೋಡಿದ್ದೀರಿ, ಎಲ್ಲ ಬೆಲೆಗೂ ಒಟ್ಟಿಗೆ ನೋಡಬೇಕಾದರೆ ಎಫ್ ಒಳಗೆ ಎಫ್⁻¹ ಇಡಿ: 4 − (8 − 2ಎಕ್ಸ್)/2 = 4 − 4 + ಎಕ್ಸ್ = ಎಕ್ಸ್. ಕೊನೆಗೆ ಬರೀ ಎಕ್ಸ್ ಉಳಿದರೆ ಅನುಮಾನವೇ ಬೇಡ.

ಕೊನೆಬೆಂಚು

ಅಣ್ಣಂದಿರೇ, ಅಕ್ಕಂದಿರೇ, ನನ್ನದೂ ಒಂದು. ಸೂತ್ರವನ್ನೇ ಕೊಟ್ಟಿಲ್ಲ. ಎಫ್ ರೇಖಾತ್ಮಕ, ಎಫ್(2) = 5, ಎಫ್(6) = 13. ಎಫ್⁻¹(9) ಎಷ್ಟು? ಮೊದಲು ಸೂತ್ರ ಕಂಡುಹಿಡಿದು, ಆಮೇಲೆ ವಿಲೋಮ ಮಾಡಿ, ಆಮೇಲೆ 9 ಹಾಕಬೇಕಾ?

ಸೊನ್ನೆಯಾಚೆ

ಬೇಡ ತಮ್ಮ. ಪಟ್ಟಿಯನ್ನು ಉಲ್ಟಾ ಓದು. ಎಫ್⁻¹(5) = 2, ಎಫ್⁻¹(13) = 6. ವಿಲೋಮದಲ್ಲಿ 5ರಿಂದ 13ಕ್ಕೆ 8 ಹೆಜ್ಜೆ ಹೋದರೆ ಉತ್ತರ 2ರಿಂದ 6ಕ್ಕೆ 4 ಹೆಚ್ಚುತ್ತದೆ. ಅಂದರೆ ಪ್ರತಿ ಹೆಜ್ಜೆಗೆ ಅರ್ಧ. 9 ಅನ್ನುವುದು 5ರಿಂದ 4 ಹೆಜ್ಜೆ. ಹಾಗಾಗಿ 2 + 2 = 4.

ತಾಳೆ ನೋಡಬೇಕಾದರೆ ಸೂತ್ರ 2ಎಕ್ಸ್ + 1. 4 ಹಾಕಿದರೆ 9. 9 ಅನ್ನುವುದು 5 ಮತ್ತು 13ರ ಸರಿಯಾಗಿ ನಡುವೆ ಇದೆ, 4 ಕೂಡ 2 ಮತ್ತು 6ರ ನಡುವೆ ಇದೆ. ಅದನ್ನು ಗಮನಿಸಿದ್ದರೆ ಬಾಯಲ್ಲೇ ಆಗುತ್ತಿತ್ತು.

ಬಿಳಿಕೋಟು

ಇಳಿಜಾರು ತಿರುಗುಮುರುಗಾಗುವ ವಿಷಯ ಬಂತಲ್ಲ, ಪ್ರಯೋಗಾಲಯದಲ್ಲಿ ಅದರ ಪರಿಣಾಮ ದೊಡ್ಡದು. ನನ್ನ ಮೊದಲ ಉದಾಹರಣೆಯಲ್ಲಿ ಇಳಿಜಾರು 0.05, ವಿಲೋಮದ್ದು 20. ಉಪಕರಣದ ರೀಡಿಂಗ್ 0.01ರಷ್ಟು ಆಚೀಚೆ ಆದರೆ ಪ್ರಮಾಣ 0.2ರಷ್ಟು ಆಚೀಚೆ ಆಗುತ್ತದೆ. ಇಳಿಜಾರು 0.005 ಇದ್ದಿದ್ದರೆ ಅದೇ ಸಣ್ಣ ತಪ್ಪಿಗೆ ಪ್ರಮಾಣ 2ರಷ್ಟು ಓಡುತ್ತಿತ್ತು. ಆದ್ದರಿಂದ ಮಲಗಿದಂತಿರುವ ಗೆರೆ ನಮಗೆ ಬೇಡ, ಕಡಿದಾದ ಗೆರೆ ಬೇಕು. ಸೊನ್ನೆ ಇಳಿಜಾರಿಗೆ ವಿಲೋಮ ಇಲ್ಲ ಅಂದಿರಿ. ಸೊನ್ನೆಗೆ ಹತ್ತಿರದ ಇಳಿಜಾರಿಗೆ ವಿಲೋಮ ಇದ್ದರೂ ಅಳತೆಯಲ್ಲಿ ನಂಬುವುದು ಕಷ್ಟ.

ಇನ್ನೊಂದು ಎಚ್ಚರಿಕೆ. ಸ್ಪ್ರೆಡ್‌ಶೀಟ್‌ನಲ್ಲಿ ಗೆರೆ ಎಳೆದವರು, ವಿಲೋಮ ಬೇಕು ಅಂತ ಎರಡು ಕಾಲಂ ಅದಲುಬದಲು ಮಾಡಿ ಮತ್ತೊಂದು ಟ್ರೆಂಡ್‌ಲೈನ್ (ಬಿಂದುಗಳಿಗೆ ಹೊಂದಿಸಿದ ಗೆರೆ) ಹಾಕುತ್ತಾರೆ. ಹಾಗೆ ಬರುವ ಗೆರೆ ವಿಲೋಮ ಅಲ್ಲ. ಬಿಂದುಗಳು ಒಂದೇ ಗೆರೆಯ ಮೇಲೆ ಪೂರ್ತಿ ಕೂತಿದ್ದರೆ ಮಾತ್ರ ಎರಡೂ ಒಂದೇ. ಸ್ವಲ್ಪ ಚದುರಿದ್ದರೆ ಹೊಸ ಗೆರೆಯ ಇಳಿಜಾರು 1/0.05 ಆಗುವುದಿಲ್ಲ, ಅದನ್ನು ಆರ್ ವರ್ಗದಿಂದ (ಬಿಂದುಗಳು ಗೆರೆಗೆ ಎಷ್ಟು ಚೆನ್ನಾಗಿ ಹೊಂದುತ್ತವೆ ಅಂತ ಹೇಳುವ ಸಂಖ್ಯೆ, ಪೂರ್ತಿ ಹೊಂದಿದರೆ 1) ಗುಣಿಸಿದಷ್ಟು ಆಗುತ್ತದೆ. ಆರ್ ವರ್ಗ 0.998 ಇದ್ದರೆ 20ರ ಬದಲು 19.96, ಚಿಂತೆಯಿಲ್ಲ. 0.81 ಇದ್ದರೆ 16.2. ಇಲ್ಲಿ ಮೊದಲ ಗೆರೆಯನ್ನೇ ಇಟ್ಟುಕೊಂಡು, ಅದರ ಸಮೀಕರಣವನ್ನು ಕೈಯಲ್ಲೇ ಬಿಡಿಸಿ.

ಲೆಕ್ಕದಮೇಷ್ಟ್ರು

ಇದು ನನಗೂ ಉಪಯೋಗಕ್ಕೆ ಬರುವ ಮಾತು ಮೇಡಂ. ಚದುರಿದ ಬಿಂದುಗಳಿಗೆ ಹೊಂದಿಸಿದ ಗೆರೆ ಲಂಬ ದಿಕ್ಕಿನ ಅಂತರ ಕಡಿಮೆ ಮಾಡುತ್ತದೆ. ಕಾಲಂ ಬದಲಾಯಿಸಿದರೆ ಅಡ್ಡ ದಿಕ್ಕಿನ ಅಂತರ ಕಡಿಮೆ ಮಾಡುತ್ತದೆ. ಕೆಲಸವೇ ಬೇರೆಯಾದ ಮೇಲೆ ಗೆರೆಯೂ ಬೇರೆಯಾಗುವುದು ಸಹಜ.

ನೀಲಿಶಾಯಿ ಅವರೇ, ನಿಮಗೂ ಗೆಳತಿಗೂ ಒಂದು ಲೆಕ್ಕ. ಎಫ್(ಎಕ್ಸ್) = (5 − 2ಎಕ್ಸ್)/3. ಎಫ್⁻¹(−1) ಬೇಕು. ಒಬ್ಬರು ಸೂತ್ರ ಕಟ್ಟಿ ಮಾಡಿ, ಇನ್ನೊಬ್ಬರು ಸೂತ್ರ ಇಲ್ಲದೆ ಮಾಡಿ.

ನೀಲಿಶಾಯಿ

ನಾನು ಸೂತ್ರ ಕಟ್ಟಿದೆ. 3ವೈ = 5 − 2ಎಕ್ಸ್, 2ಎಕ್ಸ್ = 5 − 3ವೈ, ಎಕ್ಸ್ = (5 − 3ವೈ)/2. ವೈ ಜಾಗಕ್ಕೆ −1 ಹಾಕಿದರೆ (5 + 3)/2 = 4.

ಗೆಳತಿ ಹಿಂದಕ್ಕೆ ಹೋದಳು. ಕೊನೆಯ ಕೆಲಸ 3ರಿಂದ ಭಾಗಿಸುವುದು, ಹಾಗಾಗಿ ಮೊದಲು ಗುಣಿಸಿದಳು: −3. ಅದಕ್ಕೆ ಮುಂಚೆ 5 ಕೂಡಿತ್ತು, ಕಳೆದಳು: −8. ಅದಕ್ಕೂ ಮುಂಚೆ −2ರಿಂದ ಗುಣಿಸಿತ್ತು, ಭಾಗಿಸಿದಳು: 4. ಈ ಸಲ ಕ್ರಮ ಹೇಳಿದ್ದು ಅವಳೇ.

ಲೆಕ್ಕದಮೇಷ್ಟ್ರು

ಎಫ್(4) = (5 − 8)/3 = −1. ಇಬ್ಬರದೂ ಸರಿ.